ಆನೆಮರಿಯ ಗಂಟಲು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸಲೀಸು. ಪಕ್ಕದ ಮನೆಯವರು ಕಾರು ಕೊಂಡರೆ ನನಗೇನೂ ಆಗುವುದಿಲ್ಲ. ನೆಂಟರ ಕೊರಳಲ್ಲಿ ಹೊಸ ಸರ ಕಂಡರೆ ಚೆನ್ನಾಗಿದೆ ಅಂದು ಊಟಕ್ಕೆ ಕೂರುತ್ತೇನೆ. ನನ್ನ ಕಿಚ್ಚೆಲ್ಲ ಗಂಟಲಿನ ವಿಷಯದಲ್ಲಿ ಮಾತ್ರ. ಯಾರದೋ ದನಿ ಚೆನ್ನಾಗಿದ್ದು, ಆ ದನಿಗೆ ಒಂದು ಮೈಕು ಸಿಕ್ಕಿ, ಅದನ್ನು ನಾಲ್ಕು ಜನ ಕೂತು ಕೇಳುತ್ತಿದ್ದಾರೆ ಎಂದರೆ ಆವತ್ತು ನನಗೆ ಅನ್ನ ಸೇರುವುದಿಲ್ಲ.

ಯಾಕೆಂದರೆ ನನ್ನ ದನಿ ದಪ್ಪ. ಫೋನಿನಲ್ಲಿ ಮಾತಾಡಿದರೆ ಆ ಕಡೆಯವರು "ಹೇಳಿ ಸಾರ್" ಎನ್ನುತ್ತಾರೆ. ಕನಕಪುರದಲ್ಲಿ ಓದುವಾಗ ಪ್ರಾರ್ಥನೆ ಹೇಳುವ ಹುಡುಗಿಯರ ಸಾಲಿಗೆ ನನ್ನನ್ನು ಒಂದು ದಿನವೂ ಸೇರಿಸಿಕೊಳ್ಳಲಿಲ್ಲ. ಮದುವೆಯಾಗಿ ಚನ್ನಪಟ್ಟಣದ ಪಕ್ಕದ ಬೈರಾಪಟ್ಟಣಕ್ಕೆ ಬಂದ ಹೊಸದರಲ್ಲಿ ಸೋಬಾನೆ ಹೇಳುವ ಹೆಂಗಸರು ಅಕ್ಕರೆಯಿಂದ ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಒಂದು ಸಾಲು ದನಿಗೂಡಿಸಿದ್ದೇ, ಹಿರಿಯಾಕೆ ಒಬ್ಬರು "ನೀ ಎಲೆಅಡ್ಕೆ ಜೋಡ್ಸವ್ವ" ಎಂದು ತಟ್ಟೆಯನ್ನು ಮಡಿಲಿಗೆ ಇಟ್ಟರು. ಅತ್ತೆ ಸುಮ್ಮನಿರುವವರಲ್ಲ. "ನಮ್ಮ ದೊಡ್ಸೊಸೆದು ಗಂಡು ಗಂಟ್ಲು" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ನನ್ನ ಈ ದನಿಯನ್ನು ಎಲ್ಲೋ ಒಂದು ಕಡೆ ಯಾರಾದರೂ ಬೇಕು ಎಂದು ಕೇಳಬೇಕು ಎನ್ನುವ ಆಸೆ ಆಗಿನಿಂದಲೂ ಇತ್ತು. ಈಗಲೂ ಇದೆ.

ನಮ್ಮದು ಚನ್ನಪಟ್ಟಣದ ಹಳೆಯ ಹೈವೇ ಬದಿಯ ಬೊಂಬೆ ಅಂಗಡಿ. ಊರಾಚೆ ಹೊಸ ರಸ್ತೆ ಆದ ಮೇಲೆ ಅಂಗಡಿ ಮುಂದೆ ನಿಲ್ಲುವ ಕಾರುಗಳು ಕಮ್ಮಿಯಾಗಿವೆ. ಬರುವ ಮಕ್ಕಳು ಗಲಾಟೆ ಮಾಡದಿರಲಿ ಎಂದು ನನ್ನ ಯಜಮಾನರು ಗೋಡೆಗೆ ಒಂದು ಟಿವಿ ಹಾಕಿಸಿದರು. ಅದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾರ್ಟೂನು. ನನ್ನ ಕುರ್ಚಿ ರಸ್ತೆಯ ಕಡೆಗೆ ಮುಖ ಮಾಡಿದೆ, ಟಿವಿ ನನ್ನ ಬೆನ್ನಿಗಿದೆ. ಕೈ ಬುಗುರಿಗೆ ಪೇಪರು ಸುತ್ತುತ್ತಿರುತ್ತದೆ, ಕಣ್ಣು ಗಿರಾಕಿಯ ಮೇಲಿರುತ್ತದೆ, ಕಿವಿ ಒಂದು ಮಾತ್ರ ಖಾಲಿ. ಹಾಗಾಗಿ ನಾನು ಕಾರ್ಟೂನು ನೋಡಿದವಳಲ್ಲ, ಕೇಳಿದವಳು. ವರ್ಷಗಟ್ಟಲೆ ಕೇಳಿದ್ದೇನೆ. ಯಾವ ಸರಣಿಯಲ್ಲಿ ಯಾರ ಬಣ್ಣ ಏನು ಎಂದರೆ ನನಗೆ ತಿಳಿಯದು. ಯಾರು ಓಡುವಾಗ ಏದುಸಿರು ನಿಜವಾಗಿ ಬಿಡುತ್ತಾರೆ, ಯಾರು ಸುಮ್ಮನೆ ಹಾ ಹಾ ಎಂದು ಗಾಳಿ ಊದುತ್ತಾರೆ, ಅದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಕನ್ನಡದಲ್ಲಿ ದನಿ ಕೊಟ್ಟವರ ಹೆಸರನ್ನು ಕೊನೆಯಲ್ಲಿ ಹಾಕುವುದಿಲ್ಲ. ಹಾಕಿದರೂ ಅಷ್ಟರಲ್ಲಿ ಜಾಹೀರಾತು ಬಂದು ನುಂಗಿಬಿಡುತ್ತದೆ. ಅದಕ್ಕೆ ನಾನೇ ಅವರಿಗೆ ಅಡ್ಡಹೆಸರು ಇಟ್ಟುಕೊಂಡೆ. ಒಬ್ಬಾತ ಮರಳುಗಂಟಲು. ಒಬ್ಬಾಕೆ ಹುಳಿಮಜ್ಜಿಗೆ. ಇನ್ನೊಬ್ಬಳು ಯಾವಾಗಲೂ ಸೀನು ತಡೆದುಕೊಂಡವಳ ಹಾಗೆ ಮಾತಾಡುತ್ತಾಳೆ, ಆಕೆ ನೆಗಡಿ. ಒಂದು ಸರಣಿಯಲ್ಲಿ ತಾಯಿಯಾದ ಹುಳಿಮಜ್ಜಿಗೆಯೇ ಇನ್ನೊಂದರಲ್ಲಿ ನರಿ ಎಂದು ನಾನು ಪತ್ತೆ ಹಚ್ಚಿದಾಗ ಮಗಳು ನಂಬಲಿಲ್ಲ. ಎರಡನ್ನೂ ಒಂದರ ಹಿಂದೊಂದು ಕೇಳಿಸಿದೆ. ಆಮೇಲೆ ಬಾಯಿ ಮುಚ್ಚಿದಳು.

ನನ್ನ ಮಗಳು ಏಳನೇ ಕ್ಲಾಸು. ಭಾನುವಾರ ಸಂಜೆ ಅಂಗಡಿಯಲ್ಲಿ ನಾವಿಬ್ಬರೂ ಸೇರಿ ಸರಣಿಗಳಿಗೆ ಸ್ಥಾನ ಕೊಡುತ್ತೇವೆ. ಟಿವಿಯ ಕೆಳಗಿನ ಹಲಗೆಯಲ್ಲಿ ಒಂದೊಂದು ಸರಣಿಗೆ ಒಂದೊಂದು ಬೊಂಬೆ ನಿಲ್ಲಿಸಿದ್ದೇವೆ. ಎಡಗಡೆಯದು ಮೊದಲನೇ ಸ್ಥಾನ, ಅಲ್ಲಿಂದ ಬಲಕ್ಕೆ ಇಳಿಯುತ್ತಾ ಹೋಗುತ್ತದೆ. ಗಿರಾಕಿಗಳು ಆ ಸಾಲಿನಿಂದ ಒಂದನ್ನು ಕೇಳಿದರೆ ಕೊಡುವುದಿಲ್ಲ. ಯಜಮಾನರು ಹಣೆ ಚಚ್ಚಿಕೊಳ್ಳುತ್ತಾರೆ.

ಎಡತುದಿಯಲ್ಲಿ ಬಹಳ ಕಾಲ ನಿಂತಿದ್ದದ್ದು ಕರಿ ಬೆಕ್ಕು. ರೇಷನ್ ಅಂಗಡಿಯ ಗಡವ ಬೆಕ್ಕೊಂದು ಇಡೀ ಬೀದಿಯ ಜಗಳಗಳನ್ನು ತೀರ್ಮಾನ ಮಾಡುವ ಸರಣಿ ಅದು. ಬೆಕ್ಕಿಗೆ ಮರಳುಗಂಟಲಿನವನ ದನಿ. ಅವನು ಮಾತಾಡುವುದಕ್ಕಿಂತ ಮಾತು ನುಂಗುವುದು ಚೆಂದ. ಸಿಟ್ಟು ಬಂದಾಗ ಒಂದು ಉಗುಳು ನುಂಗಿ ಸುಮ್ಮನಾಗುತ್ತಾನೆ, ಅಷ್ಟಕ್ಕೇ ಇಲಿಗಳೆಲ್ಲ ಓಡಬೇಕು. ಎರಡನೆಯದು ಸಮುದ್ರದ ದೀಪಸ್ತಂಭದಲ್ಲಿ ತಾತನ ಜೊತೆ ಇರುವ ಹುಡುಗಿಯದು. ಅದು ಬೇರೆ ದೇಶದ್ದು, ಕನ್ನಡಕ್ಕೆ ಮಾಡಿದ್ದು. ಮಗಳ ಪ್ರಕಾರ ಅದರ ಚಿತ್ರ ಎಲ್ಲಕ್ಕಿಂತ ಮೇಲು, ಅದೇ ಮೊದಲನೆಯದಾಗಬೇಕು. "ಅಲೆ ಹೆಂಗೆ ಬರ್ದಿದಾರೆ ಗೊತ್ತಾಮ್ಮ, ತಿರುಗಿ ನೋಡು ಒಂದ್ಸಲ" ಎನ್ನುತ್ತಾಳೆ. ಅಲೆ ಹೇಗಾದರೂ ಇರಲಿ, ಆ ತಾತ ಕೆಮ್ಮುವುದು ಸುಳ್ಳು. ಕಾಯಿಲೆಯ ಕೆಮ್ಮು ಎದೆಯಿಂದ ಬರಬೇಕು, ಅವನದು ನಾಲಿಗೆಯ ತುದಿಯಿಂದ ಬರುತ್ತದೆ. ಮೂರನೆಯದು ಮಾತಾಡುವ ಗಾಳಿಪಟದ್ದು, ನಾಲ್ಕನೆಯದು ನಾಟಿವೈದ್ಯ ಮಾಡುವ ಕಪ್ಪೆಯದು. ಪುರಾಣದ ಬಾಲಕರ ಸರಣಿಗಳಿಗೆಲ್ಲ ಬಲತುದಿಯೇ ಗತಿ. ಅವುಗಳಲ್ಲಿ ಎಲ್ಲರೂ ನಾಟಕದ ಸ್ಟೇಜಿನಲ್ಲಿ ಕರೆಂಟು ಹೋದವರ ಹಾಗೆ ಕಿರುಚುತ್ತಾರೆ.

ಗಾಳಿಪಟದ ಸರಣಿಯ ತುಂಟ ಹುಡುಗನ ದನಿ ನನಗೆ ಬಹಳ ಇಷ್ಟವಿತ್ತು. ಒಂದು ದಿನ ಮಗಳು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಮೈಕಿನ ಮುಂದೆ ಕನ್ನಡಕ ಹಾಕಿದ, ಕಾಟನ್ ಸೀರೆ ಉಟ್ಟ, ನನಗಿಂತ ದೊಡ್ಡ ಹೆಂಗಸೊಬ್ಬರು ನಿಂತಿದ್ದಾರೆ. ಬಾಯಿ ತೆರೆದರೆ ಆ ಹುಡುಗನೇ ಬರುತ್ತಾನೆ. ದಪ್ಪ ದನಿ, ನನ್ನದೇ ಥರದ್ದು. ಮೊದಲು ಎಷ್ಟು ಖುಷಿಯಾಯಿತೆಂದರೆ ಬುಗುರಿ ಕೈಯಿಂದ ಜಾರಿತು. ಆಮೇಲೆ ಮೈಯೆಲ್ಲ ಉರಿಯಿತು. ಗಂಡು ಹುಡುಗರಿಗೆ ದನಿ ಕೊಡಲು ಇಂಥ ಗಂಟಲಿನ ಹೆಂಗಸರನ್ನೇ ಹುಡುಕುತ್ತಾರಂತೆ. ಹಾಗಾದರೆ ನನ್ನ ಮಡಿಲಿಗೆ ಎಲೆಅಡಿಕೆ ತಟ್ಟೆ ಯಾಕೆ ಬಂತು?

ಅವತ್ತಿನಿಂದ ನಾನು ಕೇಳುವುದರ ಜೊತೆಗೆ ಹೇಳುವುದನ್ನೂ ಶುರುಮಾಡಿದೆ. ಅಂಗಡಿ ಖಾಲಿ ಇದ್ದಾಗ ಟಿವಿಯ ಮಾತನ್ನು ಹಿಂದೆಯೇ ಹೇಳುವುದು. ಹೀಗೇ ನನಗೆ ಹಕಾರ ಬಂತು. ನಮ್ಮ ಕಡೆ ಹಾಲು ಎಂದರೆ ಆಲು, ಹಸು ಎಂದರೆ ಅಸು. ನಾವು ಮಾರುವ ಬೊಂಬೆ ಕಡೆಯುವುದೇ ಹಾಲೆ ಮರದಲ್ಲಿ. ಅದನ್ನು ಚನ್ನಪಟ್ಟಣದಲ್ಲಿ ಆಲೆ ಮರ ಎನ್ನದವರನ್ನು ನಾನು ಕಂಡಿಲ್ಲ. ಬೆಂಗಳೂರಿನ ಗಿರಾಕಿಗಳು ನಮ್ಮ ಮಾತನ್ನು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುವುದನ್ನು ಸಹಿಸಿದ್ದೇನೆ. ಕಾರ್ಟೂನಿನ ಬೆಕ್ಕು, ಕಪ್ಪೆ, ಗಾಳಿಪಟಗಳೆಲ್ಲ ಚೊಕ್ಕವಾಗಿ ಹಾಲು ಎನ್ನುವಾಗ ನಾನು ಮನುಷ್ಯಳಾಗಿ ಆಲು ಅನ್ನುವುದೇ ಎಂದು ಹಟ ಹಿಡಿದು ಕಲಿತೆ. ಮನೆಯಲ್ಲೂ ಹಾಗೇ ಮಾತಾಡತೊಡಗಿದೆ. ಮೈದುನ "ಅತ್ಗೆ ನ್ಯೂಸ್ ಓದ್ತಾವ್ರೆ" ಎಂದು ಅಣಕಿಸಿದ. ನಾನು ಮೂಗು ಮುರಿದೆ.

ಇನ್ನು ವಾರಗಿತ್ತಿಯ ವಿಷಯ. ಈ ಮೈದುನನ ಹೆಂಡತಿ, ಮಾಗಡಿ ಕಡೆಯ ಗುಡೇಮಾರನಹಳ್ಳಿಯವಳು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎಂದು ಕರೆಯುತ್ತಾಳೆ. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅವಳದು ಸೊಳ್ಳೆ ದನಿ, ಸಣ್ಣದು, ಒಂದೇ ಸಮ ಕೇಳಿಸುತ್ತಲೇ ಇರುತ್ತದೆ. ಒಲೆಯ ಜೊತೆ, ಹಸುವಿನ ಜೊತೆ, ಸೀರೆಯ ಸೆರಗಿನ ಜೊತೆ ಮಾತಾಡುತ್ತಾಳೆ. ಕಾರ್ಟೂನು ಕಂಡರೆ ಅವಳಿಗೆ ಆಗದು. "ಬೊಂಬೆ ಕುಣಿಸ್ತಾರೆ ಸರಿ, ಅದ್ಕೆ ಮಾತು ಬೇರೆ ಕೇಡಾ" ಎನ್ನುತ್ತಿದ್ದಳು.

ಹೋದ ವರ್ಷ ಒಂದು ಮಧ್ಯಾಹ್ನ ಅಂಗಡಿಗೆ ಬೆಂಗಳೂರಿನ ಹೆಂಗಸೊಬ್ಬರು ಬಂದರು. ಬೊಂಬೆ ಆರಿಸುತ್ತಾ ಆರಿಸುತ್ತಾ ನಾನು ಮಗಳ ಜೊತೆ ತಾತನ ಕೆಮ್ಮಿನ ಬಗ್ಗೆ ಮಾಡುತ್ತಿದ್ದ ಜಗಳವನ್ನು ಕೇಳಿಸಿಕೊಂಡರು. ತಾವು ಕಾರ್ಟೂನು ತಯಾರಿಸುವ ಕಡೆಯೇ ಕೆಲಸ ಮಾಡುವುದು ಎಂದರು. ಕನ್ನಡದ್ದೇ ಒಂದು ಹೊಸ ಸರಣಿ ಮಾಡುತ್ತಿದ್ದಾರಂತೆ. ಹಿಂಡು ತಪ್ಪಿದ ಆನೆಮರಿಯೊಂದು ಕಾಡಂಚಿನ ಹಳ್ಳಿಯ ಒಂಟಿ ಮುದುಕಿಯ ಮನೆ ಸೇರುವ ಕತೆ. ಮರಿಯ ದನಿಗೆ ಈ ಕಡೆಯವರೇ ಬೇಕಂತೆ. "ನಿಮ್ಮ ವಾಯ್ಸ್ ಚೆನ್ನಾಗಿದೆ, ಒಂದು ಟ್ರಯಲ್ ಕೊಡ್ತೀರಾ?" ಎಂದು ಕೇಳಿದರು. ನನ್ನ ಕಿವಿಯನ್ನು ನಾನು ನಂಬದ ದಿನ ಅದೊಂದೇ.

ಒಬ್ಬಳೇ ಹೋಗುವುದು ಬೇಡ ಎಂದು ಅತ್ತೆ ಹಟ ಹಿಡಿದರು. "ಚಿಕ್ಕೋಳ್ನ ಜೊತೆಗೆ ಕರ್ಕೊಂಡೋಗವ್ವ, ಅವ್ಳೂ ಬೆಂಗ್ಳೂರು ನೋಡ್ದಂಗಾಯ್ತದೆ" ಎಂದರು. ಚನ್ನಪಟ್ಟಣದಲ್ಲಿ ರೈಲು ಹತ್ತಿದಾಗಿನಿಂದ ಇಳಿಯುವವರೆಗೆ ಅವಳು ಮಾತಾಡಿದಳು, ನಾನು ತುಟಿಯೊಳಗೇ ಹಕಾರ ತಿದ್ದುತ್ತಿದ್ದೆ.

ಅದೊಂದು ಮನೆಯ ಮೇಲಿನ ಮಹಡಿ. ಗೋಡೆಗೆಲ್ಲ ಮೆತ್ತೆ ಹೊಡೆದ ಸಣ್ಣ ಕೋಣೆಯಲ್ಲಿ ನನ್ನನ್ನು ನಿಲ್ಲಿಸಿ ಕಿವಿಗೆ ಹೆಡ್‌ಫೋನು ಹಾಕಿದರು. ಗಾಜಿನ ಆ ಕಡೆ ಆ ಹೆಂಗಸು, ಡೈರೆಕ್ಟರು, ಇನ್ನೊಂದಿಬ್ಬರು. ಎದುರಿಗಿದ್ದ ಹಾಳೆಯಲ್ಲಿ ಹೀಗೆ ಬರೆದಿತ್ತು: ಹೊಟ್ಟೆ ಹಸಿಯುತ್ತಿದೆ ಅವ್ವಾ, ಎಷ್ಟು ತಿಂದರೂ ಸಾಲದು, ನಾನು ಆನೆ ಅಲ್ಲವಾ?

ನಾನು ಹೊಟ್ಟೆ ಎಂದೆ, ಮುತ್ತಿನ ಹಾಗೆ ಬಂತು. ಹಸಿಯುತ್ತಿದೆ ಎಂದೆ, ಅದೂ ಬಂತು. ಆ ರಭಸದಲ್ಲೇ ಮುಂದೆ ಹೋಗಿ "ನಾನು ಹಾನೆ ಅಲ್ಲವಾ" ಎಂದುಬಿಟ್ಟೆ.

ಹೆಡ್‌ಫೋನಿನಲ್ಲಿ ನನಗೇ ಕೇಳಿಸಿತು. ಗಾಜಿನ ಆ ಕಡೆಯವರ ನಗು ಕೇಳಿಸಲಿಲ್ಲ, ಹಲ್ಲು ಕಾಣಿಸಿತು. ಇಲ್ಲದ ಕಡೆಯೆಲ್ಲ ಹಕಾರ ಕೊಡುವುದು ನಮ್ಮ ಕಡೆ ಮಾತು ತಿದ್ದಿಕೊಳ್ಳಲು ಹೊರಟವರಿಗೆಲ್ಲ ಅಂಟುವ ಜಾಡ್ಯ. ಹಳ್ಳಿ ಮಾತಾಡುವವರು ಯಾರೂ ಹಾನೆ ಅನ್ನುವುದಿಲ್ಲ, ಪಟ್ಟಣದವರೂ ಅನ್ನುವುದಿಲ್ಲ. ನಡುವೆ ಸಿಕ್ಕಿಕೊಂಡ ನನ್ನಂಥವರು ಅನ್ನುತ್ತಾರೆ.

ಡೈರೆಕ್ಟರು ಒಳ್ಳೆಯವರು. "ಮೇಡಂ, ಪುಸ್ತಕದ ಥರ ಬೇಡ. ಮನೇಲಿ ಹೆಂಗೆ ಮಾತಾಡ್ತೀರೋ ಹಂಗೇ ಹೇಳಿ. ನಮಗೆ ಅದೇ ಬೇಕಾಗಿರೋದು" ಎಂದರು. ಪಾಪ, ಹಳ್ಳಿಯವಳು ತಡವರಿಸುತ್ತಿದ್ದಾಳೆ ಎಂದು ಕನಿಕರಕ್ಕೆ ಹೀಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಕನಿಕರ ತೋರಿಸುವವರ ಮುಂದೆ ಒಟ್ಟೆ ಎನ್ನಲು ನನಗೆ ಬಾಯಿ ಬರಲಿಲ್ಲ. ಕೇಳಿದಷ್ಟು ಸಲವೂ ಇನ್ನಷ್ಟು ಶುದ್ಧವಾಗಿ ಹೇಳಿದೆ. ಕಡೆಗೆ ಆನೆಮರಿ ಮೇಷ್ಟರಾಗಿ ನಿಂತಿತು.

ಅಷ್ಟರಲ್ಲಿ ಆ ಹೆಂಗಸು ನೀರು ತರಲು ಬಾಗಿಲು ತೆರೆದರು. ಹೊರಗಿನ ಬೆಂಚಿನಲ್ಲಿ ಕೂತ ನನ್ನ ವಾರಗಿತ್ತಿ ಫೋನಿನಲ್ಲಿ ಅತ್ತೆಗೆ ವರದಿ ಒಪ್ಪಿಸುತ್ತಿದ್ದದ್ದು ಎಲ್ಲರಿಗೂ, ಡೈರೆಕ್ಟರು ತೆರೆದಿಟ್ಟ ಮೈಕಿನಿಂದ ನನಗೂ ಕೇಳಿಸಿತು. "ಊ ಕಣತ್ತೆ, ಅಕ್ಕನ್ನ ಒಳೀಕೆ ನಿಲ್ಸವ್ರೆ. ಕಿವಿಗೆ ಏನೋ ಮಡ್ಗವ್ರೆ. ಇವ್ರು ಒಸಿ ಟೀ ಬುಟ್ರೆ ಏನೂ ಕೊಡಂಗಿಲ್ಲ ಕಣತ್ತೆ, ನಂಗೆ ಒಟ್ಟೆ ಅಸೀತೈತೆ."

ಬಾಗಿಲಲ್ಲಿ ನಿಂತ ಹೆಂಗಸು ನಿಂತೇ ಬಿಟ್ಟರು. ಡೈರೆಕ್ಟರು ಕುರ್ಚಿಯಿಂದ ಎದ್ದರು. ಮುಂದಿನದನ್ನು ವಿವರಿಸಿ ಹೇಳಲು ನನಗೆ ಮನಸ್ಸಿಲ್ಲ. ನನ್ನ ಕಿವಿಯಿಂದ ತೆಗೆದ ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿದರು. ಅವಳು ನಾಚಿಕೊಂಡು, ನಕ್ಕು, ಆಮೇಲೆ ಅತ್ತೆಗೆ ಹೇಳಿದ್ದನ್ನೇ ಆನೆಮರಿಯ ಬಾಯಲ್ಲೂ ಹೇಳಿಸಿದಳು. ಆನೆಗೆ ಸೊಳ್ಳೆ ದನಿಯೇ ಎಂದು ನಾನು ಬಾಯಿಬಿಟ್ಟು ಕೇಳಿಯೇ ಬಿಟ್ಟೆ. "ಮರಿ ಅಲ್ವಾ ಮೇಡಂ, ಸಣ್ಣಗಿದ್ರೇ ಚೆಂದ" ಎಂದರು.

ವಾಪಸು ಬರುವಾಗ ರೈಲಿನಲ್ಲಿ ಅವಳು ಮಾತಾಡಲಿಲ್ಲ. ರಾಮನಗರ ಬರುತ್ತಿದ್ದಂತೆ ಮೆಲ್ಲಗೆ, "ಬೇಜಾರಾ ಅಕ್ಕ? ನಿಂಗೆ ಬೇಜಾರಾದ್ರೆ ನಾ ಒಲ್ಲೆ ಅಂತೀನಿ" ಎಂದಳು. ಒಲ್ಲೆ ಎನ್ನು ಎಂದು ನಾಲಿಗೆಯ ತುದಿಗೆ ಬಂತು. "ನನಗೇಕೆ ಬೇಜಾರು, ಹೋಗಿ ಮಾಡು" ಎಂದೆ, ಇದ್ದ ಒಂದು ಹಕಾರವನ್ನೂ ಸರಿಯಾಗಿ ಕೊಟ್ಟು.

ಆಮೇಲಿನ ತಿಂಗಳುಗಳು ನನ್ನ ಪಾಲಿಗೆ ಸುಖದವಲ್ಲ. ಅವಳು ರೆಕಾರ್ಡಿಂಗಿಗೆ ಹೋಗುವ ದಿನ ಅತ್ತೆ ಬೆಳಿಗ್ಗೆ ಎದ್ದು ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬುವರು. ಗಂಟಲು ಕಟ್ಟಬಾರದೆಂದು ಫ್ಲಾಸ್ಕಿನಲ್ಲಿ ಬಿಸಿನೀರು ಬೇರೆ. ಹದಿನೈದು ವರ್ಷದಿಂದ ಆ ಮನೆಯಲ್ಲಿರುವ ನನ್ನ ಗಂಟಲು ಕಟ್ಟಿದರೆ "ಇನ್ನೊಸಿ ದಪ್ಪ ಆಯ್ತು" ಎನ್ನುತ್ತಿದ್ದವರು ಅವರೇ. ಸರಣಿ ಶುರುವಾದ ಮೇಲಂತೂ ಅಂಗಡಿಗೆ ಜನ ಬಂದು ನನ್ನನ್ನು "ಆನೆಮರಿ ನೀವೇನಾ?" ಎಂದು ಕೇಳುವರು. ನಾನು ಒಳಗಡೆ ಬೊಂಬೆ ಒರೆಸುತ್ತಿದ್ದವಳ ಕಡೆ ಕೈ ತೋರಿಸಬೇಕು. ಅವರು ನನ್ನನ್ನು ದಾಟಿಕೊಂಡು ಹೋಗುವರು.

ಮೊದಲ ಕಂತು ಬಂದ ದಿನ ತಪ್ಪು ಹುಡುಕಲೆಂದೇ ಕೂತೆ. ಹುಡುಕಿದೆ ಕೂಡ. ಕಬ್ಬು ತಿನ್ನುವಾಗಲೂ ರಾಗಿ ತೆನೆ ತಿನ್ನುವಾಗಲೂ ಒಂದೇ ಥರ ಅಗಿಯುವ ಸದ್ದು ಮಾಡಿದ್ದಳು. ಓಡಿ ಬಂದ ಮರಿ ನಿಂತ ಮೇಲೆ ಏದುಸಿರು ಶುರುವಾಗಿತ್ತು. ಮಗಳು ಒಂದು ಬೂದುಬಣ್ಣದ ಆನೆಯನ್ನು ಹಲಗೆಯ ಎಡತುದಿಗೆ ಇಡಲು ಹೋದಳು. ನಾನು ಕಪ್ಪೆಯಿಂದಾಚೆ ಇಡಿಸಿದೆ. "ನೀನು ಸರಿ ಇಲ್ಲಮ್ಮ" ಎಂದಳು. ನನ್ನ ಹತ್ತಿರ ಕಾರಣಗಳಿದ್ದವು, ಒಂದೊಂದನ್ನೂ ಬಿಡಿಸಿ ಹೇಳಿದೆ.

ಆದರೆ ಒಂದು ಮಾತು. ಮರಿ ನಗುವಾಗ ಕೊನೆಗೆ ಮೂಗಿನಿಂದ ಒಂದು ಸದ್ದು ಹೊರಡುತ್ತಿತ್ತು, ಕುಕ್ಕರು ಕಡೆಯದಾಗಿ ಆವಿ ಬಿಡುತ್ತದಲ್ಲ, ಆ ಥರದ್ದು. ಆ ಸದ್ದು ನನಗೆ ಇಷ್ಟವಾಯಿತು. ಮರುಪ್ರಸಾರವಿದ್ದಾಗ ಯಾರೂ ಇಲ್ಲದ ಹೊತ್ತು ನೋಡಿ ದನಿ ಜೋರು ಮಾಡುತ್ತಿದ್ದೆ. ಅವಳ ಮೇಲಿನ ಉರಿ ಹಾಗೇ ಇತ್ತು, ಮರಿಯ ಮೇಲೆ ಮಾತ್ರ ಜೀವ ಬಂದುಬಿಟ್ಟಿತ್ತು. ಇಬ್ಬರೂ ಬೇರೆ ಬೇರೆ ಎಂದೇ ನಾನು ಲೆಕ್ಕ ಹಾಕಿಕೊಂಡಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಅಡುಗೆಮನೆಯಿಂದ ಅವಳು "ಅಕ್ಕ, ಹಾಲು ಉಕ್ತಾ ಇದೆ" ಎಂದಳು. ನಾನು ತರಕಾರಿ ಹೆಚ್ಚುತ್ತಿದ್ದ ಕೈ ನಿಲ್ಲಿಸಿದೆ. ಹಾಲು. ಮನೆಯಲ್ಲಿ ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ದಿನಾ ಪಟ್ಟಣದವರ ನಡುವೆ ಓಡಾಡಿ ಅವಳ ನಾಲಿಗೆಗೆ ಸಾಣೆ ಬಿದ್ದಿತ್ತು. ಐತೆ ಹೋಗಿ ಇದೆ ಆಗಿತ್ತು, ಒಸಿ ಹೋಗಿ ಸ್ವಲ್ಪ ಆಗಿತ್ತು. ಇದರಿಂದ ಏನಾಗುತ್ತದೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? ನಾನು ಉಸಿರೆತ್ತಲಿಲ್ಲ. ಬಾಯೊಳಗೆ ಬೆಲ್ಲದ ಚೂರು ಇಟ್ಟುಕೊಂಡ ಹಾಗೆ ಆ ಸುದ್ದಿಯನ್ನು ನನ್ನೊಳಗೇ ಇಟ್ಟುಕೊಂಡು ಓಡಾಡಿದೆ.

ಕೆಲವೇ ದಿನಕ್ಕೆ ಅವಳು ರೆಕಾರ್ಡಿಂಗಿನಿಂದ ಮಧ್ಯಾಹ್ನವೇ ಬಂದಳು. ನಾನು ಮುದ್ದೆಗೆ ಹಿಟ್ಟು ಹಾಕಿ ಕೋಲಿನಿಂದ ತೊಳಸುತ್ತಿದ್ದೆ. ಅತ್ತೆ ಹೊಲದ ಕಡೆ ಹೋಗಿದ್ದರು. ಅವಳು ನೆಲದ ಮೇಲೆ ಕೂತು ಅಳತೊಡಗಿದಳು.

"ಸರಿಯಾಗ್ ಬತ್ತಾ ಇಲ್ವಂತೆ ಅಕ್ಕ. ಮರಿ ಕಾನ್ವೆಂಟ್‌ಗೆ ಹೋದಂಗೈತೆ ಅಂತಾರೆ. ನಾ ಮೊದ್ಲಿನ ಥರನೇ ಹೇಳ್ತಿದೀನಿ ಅನ್ಸುತ್ತೆ, ಅವ್ರು ಅಲ್ಲ ಅಂತಾರೆ. ಇನ್ನೊಂದ್ಸಲ ನೋಡ್ತಾರಂತೆ. ಆಗ್ಲಿಲ್ಲ ಅಂದ್ರೆ ಬೇರೆಯೋರಂತೆ."

ನೋಡಿ, ಅಳುವಾಗಲೂ ಅರ್ಧ ಮಾತು ಆ ಕಡೆ, ಅರ್ಧ ಈ ಕಡೆ. ಹೋದಂಗೈತೆ ಅಂತೆ. ಹ ಬಂದಿದೆ, ಐತೆ ಉಳಿದಿದೆ.

"ನಿಂಗೆ ಕಿವಿ ಐತಲ್ಲಕ್ಕ, ಎಲ್ಲೋಯ್ತು ಅಂತ ನಿಂಗೇ ಗೊತ್ತಾಗೋದು. ಒಸಿ ಹೇಳ್ಕೊಡಕ್ಕ" ಎಂದಳು.

ನನ್ನ ಮೊದಲ ಯೋಚನೆ ಒಳ್ಳೆಯದಾಗಿರಲಿಲ್ಲ. ಆಗಲಿ ಬಿಡು, ನೀನೂ ಎಲೆಅಡಿಕೆ ಜೋಡಿಸು ಎಂದುಕೊಂಡೆ. ಎರಡನೆಯ ಯೋಚನೆ ಬೇರೆಯವರದ್ದು. ಬೇರೆಯವರು ಎಂದರೆ ಯಾರು? ನೆಗಡಿ ಇರಬಹುದು, ಹುಳಿಮಜ್ಜಿಗೆ ಇರಬಹುದು. ಆ ಮರಿಯ ಮೂಗಿನ ನಗುವನ್ನು ನೆಗಡಿಯ ಬಾಯಲ್ಲಿ ಕೇಳಿಸಿಕೊಂಡು ನೋಡಿದೆ. ನನಗೆ ಸಂಕಟವಾಯಿತು. ಅವಳಿಗಾಗಿ ನಾನು ಒಪ್ಪಲಿಲ್ಲ, ಮರಿಗಾಗಿ ಒಪ್ಪಿದೆ. ಇದನ್ನು ಯಾರೂ ನನ್ನ ದೊಡ್ಡ ಗುಣ ಎಂದು ತಿಳಿಯುವುದು ಬೇಡ.

"ಯಾವ ಮಾತು, ಹೇಳು" ಎಂದೆ.

ಬ್ಯಾಗಿನಿಂದ ಹಾಳೆ ತೆಗೆದಳು. ಕೊನೆಗೆ ಹಿಂಡು ಹುಡುಕಿಕೊಂಡು ಬಂದಿದೆ, ಮರಿ ಮುದುಕಿಯನ್ನು ಬಿಟ್ಟು ಕಾಡಿಗೆ ಹೊರಡಬೇಕು. ಇನ್ನು ಅದು ಬರುವುದಿಲ್ಲ ಎಂದು ಮುದುಕಿಗೂ ಗೊತ್ತು, ಮರಿಗೂ ಗೊತ್ತು. ಹಾಳೆಯಲ್ಲಿ ಇದ್ದ ಮಾತು: ಹೋಗುತ್ತೇನೆ ಅವ್ವಾ. ಅವಳು ಅದನ್ನು "ಓಯ್ತೀನಿ ಕಣವ್ವಾ" ಎಂದು ತಿರುಗಿಸಿಕೊಂಡು ಹೇಳಿ ತೋರಿಸಿದಳು. ಹಕಾರ ಬಿಟ್ಟಿದ್ದಳು, ಆದರೂ ಮಾತು ಸತ್ತುಹೋಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ಅಂಗಂತ ಬರ್ದವ್ರಾ? ಯಾವ ಮಗೀನ ಬಾಯಲ್ಲಿ ಬತ್ತದೆ ಆ ಮಾತು? ಅವ್ವನ ಮುಂದೆ ನಿಂತ್ಕೊಂಡು ಓಯ್ತೀನಿ ಅಂತಾರೇನೇ? ನಮ್ಮ ಕಡೆ ಎಣಾನೂ ಓಯ್ತೀನಿ ಅನ್ನಲ್ಲ."

"ಮತ್ತೇನಂತದೆ ಅಕ್ಕ?"

"ಬತ್ತೀನಿ ಅಂತದೆ."

ಅವಳು ಕಣ್ಣು ಒರೆಸಿಕೊಂಡು "ಬತ್ತೀನಿ ಕಣವ್ವಾ" ಎಂದು ರಾಗ ಎಳೆದಳು. ಅಳು ತುಂಬಿ ಚೆಲ್ಲುತ್ತಿತ್ತು. ಅಲ್ಲ ಎಂದೆ. ಅಳಬೇಡ, ಅಂಗಡಿಗೆ ಹೋಗಿ ಉಪ್ಪು ತರುವವಳ ಹಾಗೆ ಹೇಳು, ದನಿಯನ್ನು ಏರಿಸಬೇಡ, ಇಳಿಸು ಎಂದೆ. ಬರಲಿಲ್ಲ. ಆಗ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ನಾನೇ ಹೇಳಿದೆ.

"ಬತ್ತೀನಿ ಕಣವ್ವ."

ಅದು ಎಲ್ಲಿಂದ ಬಂತೋ ತಿಳಿಯದು. ಕನಕಪುರದಲ್ಲಿ ಮದುವೆಯ ಮರುದಿನ ವ್ಯಾನು ಹತ್ತುವ ಮುಂಚೆ ನಾನು ನನ್ನ ತಾಯಿಗೆ ಹೇಳಿದ್ದು ಹೀಗೇ ಇರಬೇಕು. ದಪ್ಪ ದನಿ, ನೆಲ ಹಿಡಿದ ದನಿ. ಬ ಮುಗಿದು ತ್ತೀ ಬರುವ ನಡುವೆ ಒಂದು ಕೂದಲೆಳೆಯಷ್ಟು ನಿಂತು, ಕಡೆಯ ವ್ವ ಮೂಗಿನೊಳಗೆ ಹೋಗಿ ಅಡಗಿತು. ಹೇಳಿ ಮುಗಿಸಿದ ಮೇಲೆ ನನಗೇ ಗೊತ್ತಾಯಿತು, ಇಷ್ಟು ವರ್ಷ ಕೇಳಿದ ಎಲ್ಲ ದನಿಗಳಿಗಿಂತ ಇದು ಮೇಲು. ಮರಳುಗಂಟಲು ಕೂಡ ಇದರ ಹತ್ತಿರ ಸುಳಿಯಲಾರ. ಮೈಕು ಇರಲಿಲ್ಲ. ಮುದ್ದೆ ಕೊತಕೊತ ಎನ್ನುತ್ತಿತ್ತು.

ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. "ಇನ್ನೊಂದ್ಸಲ ಯೋಳಕ್ಕ" ಎಂದಳು. ಯೋಳಕ್ಕ ಎಂದಳು, ಹೇಳಕ್ಕ ಎನ್ನಲಿಲ್ಲ. ನಾನು ಇನ್ನೊಂದು ಸಲ ಹೇಳಿದೆ. ಅವಳು ಹಿಂದೆಯೇ ಹೇಳಿದಳು. ಮುದ್ದೆ ತಳ ಹಿಡಿಯುವ ಹೊತ್ತಿಗೆ ಆ ನಿಲುಗಡೆ, ಆ ಇಳಿತ, ಆ ಮೂಗು ಎಲ್ಲ ಅವಳ ಸಣ್ಣ ಗಂಟಲೊಳಗೆ ಹೋಗಿ ಕೂತಿದ್ದವು. ಮರುದಿನ ಅದನ್ನು ತೆಗೆದುಕೊಂಡು ರೈಲು ಹತ್ತಿದಳು. ಮಧ್ಯಾಹ್ನ ಫೋನು ಮಾಡಿ "ಒ‌ಪ್ಕೊಂಡ್ರು ಅಕ್ಕ, ಹಾಳೇಲಿ ಇದ್ದುದ್ನೇ ತಿದ್ಕೊಂಡ್ರು" ಎಂದಳು. ನಾನು ಗಿರಾಕಿ ಇದ್ದಾರೆ ಎಂದು ಇಟ್ಟುಬಿಟ್ಟೆ. ಗಿರಾಕಿ ಯಾರೂ ಇರಲಿಲ್ಲ.

ಆ ಕಂತು ಬಂದದ್ದು ಒಂದು ಭಾನುವಾರ. ಅತ್ತೆಯೂ ಅಂಗಡಿಗೆ ಬಂದಿದ್ದರು, ಅಕ್ಕಪಕ್ಕದ ಅಂಗಡಿಯವರೂ ಸೇರಿದ್ದರು. ವಾರಗಿತ್ತಿ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಮರಿ ಬಾಗಿಲವರೆಗೆ ಹೋಯಿತು, ನಿಂತಿತು. "ಬತ್ತೀನಿ ಕಣವ್ವ" ಎಂದಿತು.

ಅತ್ತೆ ಕಣ್ಣಿಗೆ ಸೆರಗು ಹಚ್ಚಿದರು. ಪಕ್ಕದ ಅಂಗಡಿಯ ಯಜಮಾನರು ಹೊರಗೆ ಹೋಗಿ ಮೂಗು ಸೀಟಿಕೊಂಡು ಬಂದರು. ಆ ನಿಲುಗಡೆ ನನ್ನದು, ಆ ಮೂಗು ನನ್ನದು, ಆ ಮಾತೇ ನನ್ನದು. ಇಡೀ ರಾಜ್ಯದ ಮಕ್ಕಳು ಕೇಳಿದ್ದು ನನ್ನನ್ನು, ಅಂಗಡಿಯಲ್ಲಿ ಎಲ್ಲರೂ ನೋಡುತ್ತಿದ್ದದ್ದು ಅವಳನ್ನು. ಮಗಳು ಯಾರನ್ನೂ ಕೇಳದೆ ಆನೆಯನ್ನು ಎತ್ತಿ ಬೆಕ್ಕಿಗಿಂತ ಮುಂದೆ ಇಟ್ಟಳು. "ಈಗ್ಲಾದ್ರೂ ಒಪ್ಕೊತೀಯಾಮ್ಮ?" ಎಂದಳು. ಸುಳ್ಳು ಸ್ಥಾನ ಕೊಟ್ಟು ನನಗೆ ಅಭ್ಯಾಸವಿಲ್ಲ. ಅದೇ ಮೊದಲನೆಯದು ಎಂದೆ.

ಆಗ ವಾರಗಿತ್ತಿ ಮೂಲೆಯಿಂದ ಮುಂದೆ ಬಂದು, ಎಲ್ಲರಿಗೂ ಕೇಳಿಸುವ ಹಾಗೆ, "ಅದು ನಂದಲ್ಲ, ಅಕ್ಕಂದು. ಅಕ್ಕನೇ ಯೋಳ್ಕೊಟ್ಟಿದ್ದು. ನಾ ಸುಮ್ನೆ ಅಂಗೇ ಅಂದೆ, ಅಷ್ಟೇಯ" ಎಂದಳು.

ನನ್ನ ಕಿವಿ ನಿಮಿರಿತು. ನನ್ನ ಜನ್ಮದಲ್ಲಿ ಇಂಥ ಮಾತಿಗಾಗಿ ನಾನು ಕಾದಷ್ಟು ಬೇರೆ ಯಾವುದಕ್ಕೂ ಕಾದಿಲ್ಲ.

ಅತ್ತೆ ಕಣ್ಣು ಒರೆಸಿಕೊಂಡು ಅವಳ ತಲೆ ಸವರಿದರು. "ನೋಡ್ದೇನವ್ವ ಇವ್ಳ ಗುಣವ" ಎಂದು ನನ್ನ ಕಡೆ ತಿರುಗಿದರು. "ಇಷ್ಟು ಎಸ್ರು ಬಂದ್ರೂ ಒಂದಿಷ್ಟು ಜಂಬ ಐತಾ? ಎಲ್ಲಾ ಅಕ್ಕಂದೇ ಅಂತಾಳೆ. ನೀನೂ ಒಸಿ ಕಲ್ತ್ಕೊ."

ಸುತ್ತ ನಿಂತವರೆಲ್ಲ ಹೌದು ಹೌದು ಎಂದರು. ಪಕ್ಕದ ಅಂಗಡಿಯವರು ಇಂಥ ಹೆಣ್ಣುಮಗಳು ಸಿಗುವುದು ಅಪರೂಪ ಎಂದರು. ಅವಳು ಗಾಬರಿಯಾಗಿ "ಇಲ್ಲ ಕಣತ್ತೆ, ನಿಜವಾಗ್ಲೂ" ಎಂದಷ್ಟೂ ಅವರು ಅವಳನ್ನು ಇನ್ನಷ್ಟು ಹೊಗಳಿದರು. ನಾನು ಒಂದು ಬುಗುರಿ ತೆಗೆದುಕೊಂಡು ಪೇಪರು ಸುತ್ತತೊಡಗಿದೆ. ಕಡೆಗೂ ಒಬ್ಬಳು ನನ್ನ ಬಗ್ಗೆ ನಿಜ ಹೇಳಿದ್ದಳು, ಆ ನಿಜ ಹೇಳಿದ್ದಕ್ಕೂ ಮೊದಲನೇ ಸ್ಥಾನ ಅವಳಿಗೇ ಹೋಯಿತು.